ಕುರಿ ಕಾಯುವ ಹೆಂಗಸು ಎಂದು ಬರೆದೆ

ತಿಪಟೂರಿನಲ್ಲಿ ನಾನೊಂದು ವಾರಪತ್ರಿಕೆ ನಡೆಸುತ್ತಿದ್ದೆ. ನಾಲ್ಕು ಪುಟದ್ದು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ. ಸಂಪಾದಕ, ವರದಿಗಾರ, ಪ್ರೂಫ್ ತಿದ್ದುವವನು, ಗುರುವಾರ ಬೆಳಿಗ್ಗೆ ಕಟ್ಟುಗಳನ್ನು ತುರುವೇಕೆರೆ ಬಸ್ಸಿಗೂ ಚಿಕ್ಕನಾಯಕನಹಳ್ಳಿ ಬಸ್ಸಿಗೂ ಏರಿಸುವವನು, ಎಲ್ಲ ನಾನೇ. ಪ್ರೆಸ್ಸು ಮಾತ್ರ ನನ್ನದಲ್ಲ. ಕೊಬ್ಬರಿ ಮಂಡಿಗಳ ಹಿಂದಿನ ಬೀದಿಯಲ್ಲಿ ಲಗ್ನಪತ್ರಿಕೆ, ಕರಪತ್ರ ಅಚ್ಚು ಹಾಕಿಕೊಂಡಿದ್ದ ಒಬ್ಬ ಹಿರಿಯರದು. ಅವರನ್ನು ಎಲ್ಲರೂ ಯಜಮಾನರು ಎನ್ನುತ್ತಿದ್ದರು. ಅರವತ್ತು ದಾಟಿತ್ತು, ಕನ್ನಡಕ ದಪ್ಪ, ಆದರೂ ಅಚ್ಚಿನ ಮೊಳೆಗಳನ್ನು ತಾವೇ ಜೋಡಿಸುತ್ತಿದ್ದರು. ನಾನು ಬರೆದದ್ದನ್ನು ಊರಲ್ಲಿ ಎಲ್ಲರಿಗಿಂತ ಮೊದಲು ಓದುತ್ತಿದ್ದವರು ಅವರು.

ತುರ್ತು ಪರಿಸ್ಥಿತಿ ಬಂದಾಗ ನಾನು ಕಾಲೇಜಿನಲ್ಲಿದ್ದೆ. ಸೆನ್ಸಾರಿನಿಂದಾಗಿ ಪತ್ರಿಕೆಗಳಲ್ಲಿ ಖಾಲಿ ಬಿಟ್ಟ ಜಾಗಗಳನ್ನು ಕಣ್ಣಾರೆ ಕಂಡಿದ್ದೆ. ಆಗಲೇ ನನ್ನ ತಲೆಯಲ್ಲಿ ಒಂದು ಮಾತು ಕೂತುಬಿಟ್ಟಿತ್ತು: ಬರೆಯಬೇಡ ಎನ್ನುವವನು ಯಾರೇ ಆಗಲಿ, ಏನನ್ನೋ ಮುಚ್ಚಿಡುತ್ತಿದ್ದಾನೆ.

ಪತ್ರಿಕೆಯ ಆ ದಿನಗಳಲ್ಲಿ ಮಾಯಸಂದ್ರದಿಂದ ಕೆಲವು ಮೈಲಿ ಆಚೆಯ ಒಂದು ಹಳ್ಳಿಯಲ್ಲಿ ಕಾಯಿ ಸುಲಿಯುವ ಕೆಲಸದವನೊಬ್ಬ ಸತ್ತ. ಸತ್ತದ್ದು ಊರಿನ ದೊಡ್ಡ ಜಮೀನ್ದಾರರ ತೆಂಗಿನ ತೋಟದಲ್ಲಿ, ಪಂಪ್‌ಹೌಸಿನ ಬಾಗಿಲಲ್ಲಿ. ವೈರು ಮುಟ್ಟಿ ಕರೆಂಟ್ ಹೊಡೆದು ಸತ್ತ ಎಂದು ಪೊಲೀಸರು ಬರೆದುಕೊಂಡರು. ಅಂದೇ ಮಣ್ಣು ಮಾಡಿದರು. ನಾಲ್ಕನೇ ದಿನ ಅವನ ಹೆಂಡತಿ ಪ್ರೆಸ್ಸಿಗೆ ಬಂದಳು. ಮೂವತ್ತರ ಆಸುಪಾಸಿನ, ಸಣ್ಣ ಮೈಕಟ್ಟಿನ ಹೆಂಗಸು. ಒಳಗೆ ಕರೆದರೂ ಬಾರದೆ ಹೊಸ್ತಿಲಲ್ಲೇ ನಿಂತು ಕೇಳಿದಳು.

"ಕರೆಂಟ್ ಹೊಡ್ದೋರ್ಗೆ ಬೆನ್ ಮ್ಯಾಲೆ ಬಾಸುಂಡೆ ಬತ್ತದಾ ಅಣ್ಣ?"

ಯಜಮಾನರು ಮೊಳೆ ಜೋಡಿಸುವುದನ್ನು ನಿಲ್ಲಿಸಿ ಅವಳ ಕಡೆ ತಿರುಗಿದರು. ನಾನು ನೋಟ್‌ಬುಕ್ ತೆಗೆದುಕೊಂಡು ಅವಳ ಜೊತೆಯಲ್ಲೇ ಬಸ್ಸು ಹತ್ತಿದೆ.

ಹೆಣಕ್ಕೆ ನೀರು ಹಾಕಿದ ನಾಲ್ಕು ಜನರನ್ನು ಕಂಡೆ. ಮೂವರು ಮಾತಾಡಲಿಲ್ಲ. ನಾಲ್ಕನೆಯವನು, ಸತ್ತವನ ಚಿಕ್ಕಪ್ಪ, ಬೆನ್ನ ಮೇಲೆ ಕಂಡ ಗುರುತುಗಳನ್ನು ತನ್ನ ಬೆನ್ನಿನ ಮೇಲೆ ಕೈ ಆಡಿಸಿ ತೋರಿಸಿದ. ಕಾಯಿ ಕದ್ದನೆಂದು ತೋಟದ ಮೇಸ್ತ್ರಿಗೂ ಸತ್ತವನಿಗೂ ಹಿಂದಿನ ದಿನ ಜಗಳವಾಗಿತ್ತು ಎಂದೂ ಹೇಳಿದ. ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದೆ. ಕೊಂದವರು ಯಾರೆಂದು ಬರೆಯಲಿಲ್ಲ. ಮೈಮೇಲಿನ ಗುರುತು ಮಹಜರಿನಲ್ಲಿ ಯಾಕಿಲ್ಲ ಎಂದಷ್ಟೇ ಕೇಳಿದೆ. ಆ ಸಂಚಿಕೆ ತಾಲ್ಲೂಕು ಕಚೇರಿಯವರೆಗೆ ಹೋಯಿತು. ಹತ್ತು ದಿನದೊಳಗೆ ತಹಶೀಲ್ದಾರರ ಮುಂದೆ ಹೆಣ ಹೊರತೆಗೆಸಿ ಡಾಕ್ಟರು ನೋಡಿದರು. ಪಕ್ಕೆಲುಬು ಎರಡು ಮುರಿದಿದ್ದವು. ಕೇಸು ಕೊಲೆಯೆಂದು ಬದಲಾಯಿತು, ಹೊಸದಾಗಿ ಬಂದಿದ್ದ ಸರ್ಕಲ್ ಇನ್ಸ್‌ಪೆಕ್ಟರ್ ಒಬ್ಬರ ಕೈಗೆ ತನಿಖೆ ಹೋಯಿತು.

ನಾನು ಉಬ್ಬಿಹೋದೆ. ಹೋಟೆಲಿಗೆ ಹೋದರೆ ಜನ ಎದ್ದು ಜಾಗ ಬಿಡುತ್ತಿದ್ದರು. ಮಂಡಿಯಲ್ಲಿ ಕೊಬ್ಬರಿ ತೂಗುವವರು ಕೂಡ ನಿಲ್ಲಿಸಿ ಮಾತಾಡಿಸುತ್ತಿದ್ದರು. ಪತ್ರಿಕೆ ಎಂದರೆ ಇದು ಎಂದು ನನಗೆ ನಾನೇ ಹೇಳಿಕೊಂಡೆ.

ಆಮೇಲೆ ಎರಡು ವಾರ ಏನೂ ನಡೆಯಲಿಲ್ಲ. ಯಾರನ್ನೂ ಹಿಡಿಯಲಿಲ್ಲ. ಜಮೀನ್ದಾರರು ಎಂದಿನಂತೆ ತುರುವೇಕೆರೆಗೆ ಬಂದು ಹೋಗುತ್ತಿದ್ದರು. ನಾನು ಇನ್ಸ್‌ಪೆಕ್ಟರರನ್ನು ನೋಡಲು ಹೋದೆ. ನಲವತ್ತರ ವಯಸ್ಸು, ತಗ್ಗಿದ ದನಿ.

"ತನಿಖೆ ನಡೀತಾ ಇದೆ. ಈಗ ಏನೂ ಹೇಳೋ ಹಾಗಿಲ್ಲ," ಎಂದರು.

"ಯಾಕೆ ಹೇಳೋ ಹಾಗಿಲ್ಲ?"

"ಹೇಳೋ ಹಾಗಿಲ್ಲ ಅಂದ್ನಲ್ರೀ."

ಅಷ್ಟೇ. ಇವರನ್ನೂ ಜಮೀನ್ದಾರರು ಕೈಗೆ ಹಾಕಿಕೊಂಡಿದ್ದಾರೆ ಎಂದು ಅಲ್ಲಿಂದ ಮೆಟ್ಟಿಲಿಳಿಯುವಷ್ಟರಲ್ಲಿ ನಾನು ತೀರ್ಮಾನಿಸಿದ್ದೆ.

ಅದೇ ವಾರ ಸತ್ತವನ ಹೆಂಡತಿ ಮತ್ತೆ ಬಂದಳು. ಈ ಸಲ ಒಳಗೆ ಬಂದು ಕೂತಳು. ಅಂದು ತೋಟದ ಬೇಲಿಯಾಚೆಯ ಹೊಲದಲ್ಲಿ ಒಬ್ಬ ಹೆಂಗಸು ಕುರಿ ಮೇಯಿಸುತ್ತಿದ್ದಳಂತೆ. ಮೇಸ್ತ್ರಿ ಮತ್ತು ಇನ್ನೊಬ್ಬ ಆಳು ಹೊಡೆಯುವುದನ್ನು ನೋಡಿದ್ದಾಳಂತೆ. ಜಮೀನ್ದಾರರು ಅಲ್ಲೇ ನಿಂತಿದ್ದರಂತೆ.

"ಆಯಮ್ಮ ನಂತಾವ ಅಳ್ತಾ ಯೋಳುದ್ಲು. ನೀವು ಪೊಲೀಸ್ನೋರ್ಗೆ ಯೋಳಿ. ಪೇಪರ್ಗೆ ಮಾತ್ರ ಹಾಕ್ಬ್ಯಾಡಿ ಕಣಣ್ಣ."

"ಹೆಸರು ಹಾಕಲ್ಲ ಬುಡಮ್ಮ," ಎಂದೆ.

ಅವಳು ಕೇಳಿದ್ದು ಒಂದು, ನಾನು ಕೊಟ್ಟ ಮಾತು ಇನ್ನೊಂದು. ಅದು ನನಗೆ ಆಗಲೂ ಗೊತ್ತಿತ್ತು. ಪೊಲೀಸರಿಗೆ ಹೇಳಿದರೆ ಮುಚ್ಚಿಹಾಕುತ್ತಾರೆ, ಅಚ್ಚು ಹಾಕಿದರೆ ಮುಚ್ಚಲಾರರು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಮಂಗಳವಾರ ಒಂದೇ ಪಟ್ಟಿಗೆ ಕೂತು ಬರೆದೆ. ಇನ್ಸ್‌ಪೆಕ್ಟರರನ್ನು ಸಾಲುಸಾಲಿನಲ್ಲಿ ಚುಚ್ಚಿದೆ. ಕೊನೆಗೆ ಹೀಗೆ ಬರೆದೆ: ಬೇಲಿಯಾಚೆ ಕುರಿ ಕಾಯುವ ಹೆಂಗಸು ಎಲ್ಲವನ್ನೂ ಕಂಡಿದ್ದಾಳೆ, ಇಬ್ಬರು ಬಡಿಯುತ್ತಿದ್ದಾಗ ಬಿಳಿ ಪಂಚೆಯ ದೊಡ್ಡ ಮನುಷ್ಯರು ಕೈಕಟ್ಟಿ ನಿಂತು ನೋಡುತ್ತಿದ್ದರು, ತನಿಖೆ ಮಾಡುವವರ ಕಿವಿಗೆ ಮಾತ್ರ ಇದು ಬೀಳುತ್ತಿಲ್ಲ.

ಬಿಳಿ ಪಂಚೆಯನ್ನೂ ಕಟ್ಟಿದ ಕೈಯನ್ನೂ ನನಗೆ ಯಾರೂ ಹೇಳಿರಲಿಲ್ಲ. ದೊಡ್ಡ ಮನುಷ್ಯರು ಎಂದ ಮೇಲೆ ಬಿಳಿ ಪಂಚೆ ತಾನಾಗಿಯೇ ಬಂತು. ಬರೆಯುವಾಗ ಅದು ಸುಳ್ಳು ಎಂದು ಅನ್ನಿಸಲೇ ಇಲ್ಲ.

ಯಜಮಾನರು ಆ ಸಾಲಿನಲ್ಲಿ ಮೊಳೆ ಜೋಡಿಸುವುದನ್ನು ನಿಲ್ಲಿಸಿದರು.

"ಇದು ಬೇಕೇನಯ್ಯ?"

"ಯಾವುದು ಯಜಮಾನ್ರೆ?"

"ಕುರಿ ಕಾಯುವ ಹೆಂಗಸು ಅಂತ ಹಾಕಿದೀಯಲ್ಲ. ಅಷ್ಟು ಚಿಕ್ಕ ಹಳ್ಳಿ."

"ಹೆಸರಿಲ್ವಲ್ಲ."

"ಹೆಸರಿಲ್ಲ, ಸರಿ." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಹಳ್ಳಿಯೋರಿಗೆ ಹೆಸರೇ ಬೇಕಾ?"

"ಈ ಸಾಲು ತೆಗೆದ್ರೆ ಬರೆದದ್ದೆಲ್ಲ ನೀರು ಯಜಮಾನ್ರೆ. ನೀವು ಹೆದರಿಕೊಂಡ್ರೆ ಹೇಳಿ, ಬೇರೆ ಕಡೆ ಅಚ್ಚು ಹಾಕಿಸ್ತೀನಿ."

ಅವರು ಕನ್ನಡಕ ಹಾಕಿಕೊಂಡರು. ಮೊಳೆ ಜೋಡಿಸಿದರು. ಗುರುವಾರ ಬೆಳಿಗ್ಗೆ ಪತ್ರಿಕೆ ಹೊರಟಿತು.

ಶನಿವಾರ ಮಧ್ಯಾಹ್ನ ಇನ್ಸ್‌ಪೆಕ್ಟರ್ ಪ್ರೆಸ್ಸಿಗೆ ಬಂದರು. ಜೀಪನ್ನು ಬೀದಿಯ ತುದಿಯಲ್ಲೇ ಬಿಟ್ಟು ಒಬ್ಬರೇ ನಡೆದುಕೊಂಡು ಬಂದಿದ್ದರು. ಮಡಿಸಿದ ಪತ್ರಿಕೆಯನ್ನು ಅಚ್ಚಿನ ಟ್ರೆಡಲ್ ಮೆಷಿನ್ನಿನ ಮೇಲೆ ಇಟ್ಟರು. ಬೈಯುತ್ತಾರೆ, ಎಳೆದುಕೊಂಡು ಹೋಗುತ್ತಾರೆ ಎಂದು ನಾನು ಎದೆ ಗಟ್ಟಿ ಮಾಡಿಕೊಂಡು ನಿಂತಿದ್ದೆ. ಹಾಗೆ ಆಗಿದ್ದರೆ ಚೆನ್ನಾಗಿತ್ತು.

"ಸಂಪಾದಕರೆ, ಆ ಹಳ್ಳೀಲಿ ಕುರಿ ಕಾಯೋ ಹೆಂಗಸರು ಎಷ್ಟು ಜನ ಇದ್ದಾರೆ, ಗೊತ್ತಾ?"

ನನಗೆ ಗೊತ್ತಿರಲಿಲ್ಲ.

"ಒಬ್ಬಳೇ. ಮಿಕ್ಕ ಕುರಿಯೆಲ್ಲ ಗಂಡಸರು ಮೇಯಿಸ್ತಾರೆ. ಈಕೆ ವಿಧವೆ, ಮನೇಲಿ ಇನ್ನು ಯಾರೂ ಇಲ್ಲ." ಅವರು ಸ್ಟೂಲಿನ ಮೇಲೆ ಕೂತರು. "ಆಯಮ್ಮನ್ನ ನಾನು ಮೂರು ಸಲ ಕಂಡಿದೀನಿ. ಹೊಲದಲ್ಲಿ, ಮಫ್ತೀಲಿ. ಒಂದಕ್ಷರ ಬರೆದುಕೊಳ್ಳಲಿಲ್ಲ. ಯಾಕಂದ್ರೆ ನಮ್ಮ ಠಾಣೇಲಿ ಬರೆದದ್ದು ಸಂಜೆಯೊಳಗೆ ತೋಟಕ್ಕೆ ಮುಟ್ಟುತ್ತೆ. ಸೋಮವಾರ ಅವಳನ್ನ ನೇರವಾಗಿ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಅಂತಿದ್ದೆ. ಒಪ್ಪಿದ್ಲು. ನಿನ್ನೆ ಸಂಜೆಯಿಂದ ಕಾಣ್ತಿಲ್ಲ. ಕುರಿ ಕೊಟ್ಟಿಗೇಲಿ ಕೂಗ್ತಾ ಇವೆ."

ಯಜಮಾನರು ಕೈಯಲ್ಲಿದ್ದ ಮೊಳೆಯನ್ನು ಪೆಟ್ಟಿಗೆಯಲ್ಲಿ ಅದರ ಮನೆಗೆ ಹಾಕುವುದನ್ನೂ ಮರೆತು ನಿಂತಿದ್ದರು.

"ನನ್ನ ಮೇಲೆ ಕೇಸು ಹಾಕ್ತೀರಾ?" ಎಂದು ಕೇಳಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ; ಆ ಗಳಿಗೆಯಲ್ಲೂ ನನಗೆ ನನ್ನ ಚಿಂತೆ.

"ಇನ್ನೂ ಚಾರ್ಜ್‌ಶೀಟೇ ಹಾಕಿಲ್ಲ. ಕೋರ್ಟಿನ ಮುಂದೆ ಕೇಸೇ ಇಲ್ಲ ಅಂದ್ಮೇಲೆ ಕೋರ್ಟ್ ನಿಂದನೆ ಎಲ್ಲಿಂದ ಬರುತ್ತೆ? ಕಾನೂನಿನ ಪ್ರಕಾರ ನೀವು ತಪ್ಪು ಮಾಡಿಲ್ಲ." ಅವರು ಎದ್ದರು. "ನನ್ನ ಬಗ್ಗೆ ಎಷ್ಟು ಬೇಕಾದ್ರೂ ಬರೀರಿ. ಅದಕ್ಕಲ್ಲ ನಾನು ಬಂದದ್ದು. ಅವಳು ಎಲ್ಲಿದ್ದಾಳೆ ಅಂತ ನಿಮಗೆ ಗೊತ್ತಿದ್ರೆ ಹೇಳಿ. ಅವರ ಕೈಗೆ ಸಿಕ್ಕುವ ಮೊದಲು ನನಗೆ ಬೇಕು."

ಗೊತ್ತಿಲ್ಲ ಎಂದೆ. ಅವರು ಹೋದ ಕೂಡಲೇ ಮಾಯಸಂದ್ರದ ಬಸ್ಸು ಹಿಡಿದೆ.

ಸತ್ತವನ ಹೆಂಡತಿ ನನ್ನನ್ನು ಕಂಡು ಬಾಗಿಲು ಹಾಕಿಕೊಳ್ಳಲು ನೋಡಿದಳು. ಕಡೆಗೆ ಬಾಗಿಲ ಸಂದಿನಿಂದಲೇ ಮಾತಾಡಿದಳು.

"ಗುರ್ವಾರ ಸಂಜೇನೇ ಹೋಟ್ಲತಾವ ಓದಿ ಯೋಳವ್ರೆ. ಮೇಸ್ತ್ರಿ ಆಯಮ್ಮನ್ ಮನೆ ಮುಂದೆ ಬಂದು ನಿಂತಿದ್ನಂತೆ. ಏನೂ ಅನ್ಲಿಲ್ವಂತೆ. ಸುಮ್ಕೆ ನಿಂತಿದ್ದು ಹೋದ್ನಂತೆ."

"ಆಯಮ್ಮ ಎಲ್ಲಿಗೆ ಹೋಗಿರಬಹುದು?"

"ನಿಂಗ್ಯಾಕ್ ಯೋಳ್ಲಿ?"

ತುಂಬ ಹೊತ್ತು ಅಲ್ಲೇ ನಿಂತೆ. ಕೊನೆಗೆ ಅವಳೇ ಹೇಳಿದಳು. ಆಯಮ್ಮನ ಮಗಳನ್ನು ಹುಳಿಯಾರಿನ ಕಡೆ ಕೊಟ್ಟಿದೆ, ಬೋರನಕಣಿವೆ ಡ್ಯಾಮಿನ ಕೆಳಗಿನ ಊರು, ಹೋದರೆ ಅಲ್ಲಿಗೇ. "ನೀನೊಬ್ನೇ ಹೋಗು. ಪೊಲೀಸ್ನೋರ್ನ ಕರ್ಕಂಡ್ ಹೋಗ್ಬ್ಯಾಡ."

ಭಾನುವಾರ ಬೆಳಿಗ್ಗೆ ಚಿಕ್ಕನಾಯಕನಹಳ್ಳಿಗೆ ಹೋಗಿ ಅಲ್ಲಿಂದ ಹುಳಿಯಾರಿನ ಬಸ್ಸು ಹತ್ತಿದೆ. ಹಿಂದಿನ ಸೀಟಿನಲ್ಲಿ ಹಸಿರು ಟವೆಲಿನ ಒಬ್ಬ ಮನುಷ್ಯ ಕೂತಿದ್ದ. ತಿಪಟೂರಿನ ಬಸ್ ಸ್ಟ್ಯಾಂಡಿನಲ್ಲೂ ಅವನನ್ನು ಕಂಡ ನೆನಪು. ತಿರುಗಿ ನೋಡಿದಾಗಲೆಲ್ಲ ಅವನು ಕಿಟಕಿಯಾಚೆ ನೋಡುತ್ತಿದ್ದ. ಗುಡ್ಡಗಳು ಹಿಂದಾದವು, ಹುಳಿಯಾರು ಬಂತು. ನಾನು ಇಳಿದೆ, ಅವನೂ ಇಳಿದ. ಕಣಿವೆಯ ಕಡೆಗೆ ಹೋಗುವ ಬಸ್ಸು ಹತ್ತಿದೆ, ಅವನೂ ಹತ್ತಿದ. ನಾನೇ ದಾರಿ ತೋರಿಸಿಕೊಂಡು ಅವರನ್ನು ಅವಳ ಬಾಗಿಲಿಗೆ ಕರೆದೊಯ್ಯುತ್ತಿದ್ದೇನೆ ಎಂಬ ಯೋಚನೆ ಬಂದದ್ದೇ, ನಡುದಾರಿಯ ಒಂದು ಸ್ಟಾಪಿನಲ್ಲಿ ಇಳಿದುಬಿಟ್ಟೆ. ಅವನು ಇಳಿಯಲಿಲ್ಲ. ಬಸ್ಸಿನಿಂದಲೇ ಒಮ್ಮೆ ನನ್ನ ಕಡೆ ನೋಡಿದ. ಅವನು ಜಮೀನ್ದಾರರ ಕಡೆಯವನೋ, ಸುಮ್ಮನೆ ನೆಂಟರ ಮನೆಗೆ ಹೊರಟವನೋ, ಇಂದಿಗೂ ನನಗೆ ಗೊತ್ತಿಲ್ಲ. ಒಂದು ಹುಣಸೆ ಮರದ ಬುಡದಲ್ಲಿ ಎರಡು ಗಂಟೆ ಕೂತು, ಕಾಲುವೆಯ ದಂಡೆ ಹಿಡಿದು ನಡೆದೆ.

ಆಕೆ ಮಗಳ ಮನೆಯ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಐವತ್ತರ ಮೇಲಿನ ವಯಸ್ಸು, ಗಟ್ಟಿ ಕೈಗಳು. ಬದುಕಿದ್ದಾಳೆ ಎಂದು ಕಂಡ ಮೇಲೆ ಹಿತ್ತಲ ಕಟ್ಟೆಯ ಮೇಲೆ ಕೂತೆ. ನಾನು ಯಾರೆಂದು ಹೇಳಿದೆ. ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ.

"ನೀನಾ ಬರ್ದೋನು."

"ಹೌದಮ್ಮ."

"ನಿನ್ನ ನಾನು ಇದೇ ಮೊದ್ಲು ನೋಡ್ತಿರದು. ನೀನೂ ನನ್ನ ಇದೇ ಮೊದ್ಲು ನೋಡ್ತಿರದು. ನಾ ಕಂಡದ್ನ ನೀನು ಹೆಂಗಪ್ಪ ಬರ್ದೆ?"

ತಪ್ಪಾಯಿತು ಎಂದೆ.

"ತಪ್ಪಾಯ್ತು ಅನ್ನದು ಇರ್ಲಿ. ನಾನು ಸೋಮ್ವಾರ ಹೋಗಿ ಜಡ್ಜಿ ಮುಂದೆ ಯೋಳಣ ಅಂತಿದ್ದೆ. ಆ ಧೈರ್ಯ ತರ್ಕಳಕ್ಕೆ ನಂಗೆ ಇಪ್ಪತ್ತ್ ದಿನ ಹಿಡೀತು. ನೀನು ಒಂದಿನದಲ್ಲಿ ಕಳ್ದ್‌ಬುಟ್ಟೆ."

ಇನ್ಸ್‌ಪೆಕ್ಟರ್ ಕಾಪಾಡುತ್ತಾರೆ, ಬನ್ನಿ ಎಂದು ಕೇಳಿಕೊಂಡೆ. ಅವಳ ಅಳಿಯ ಬಾಗಿಲಲ್ಲಿ ಬಂದು ನಿಂತ. ಬರಲಾರೆ ಎಂದು ಅವಳು ತಲೆಯಾಡಿಸಿದಳು. "ನಾನೆಲ್ಲಿದೀನಿ ಅಂತ ಯಾರ್ಗೂ ಯೋಳ್ಬ್ಯಾಡ. ಇದೊಂದಾದ್ರೂ ಬಾಯಾಗ್ ಇಟ್ಕ."

ಮರುದಿನ ಇನ್ಸ್‌ಪೆಕ್ಟರರ ಮುಂದೆ ನಿಂತು, ಆಕೆ ಜೀವಂತವಾಗಿದ್ದಾಳೆ, ಎಲ್ಲಿ ಎಂದು ಹೇಳಲಾರೆ ಎಂದೆ. ಅವರು ಮೇಜಿನ ಮೇಲೆ ಕೈಯೂರಿ ನನ್ನನ್ನೇ ನೋಡಿದರು.

"ಬರೆಯಬೇಡಿ ಅಂದಾಗ ಬರೀತೀರಿ. ಹೇಳಿ ಅಂದಾಗ ಹೇಳಲ್ಲ."

ಈಗಲೂ ಬಾಯಿಬಿಟ್ಟರೆ ಅವಳಿಗೆ ಎರಡನೇ ಸಲ ಮೋಸ ಮಾಡಿದಂತೆ. ಬಿಡದಿದ್ದರೆ ಕೊಲೆ ಮಾಡಿದವರಿಗೆ ಸಹಾಯ ಮಾಡಿದಂತೆ. ಎರಡು ಗಂಟೆ ನನ್ನನ್ನು ಅಲ್ಲೇ ಕೂರಿಸಿದರು. ಆಮೇಲೆ ಒಂದು ಬಿಳಿ ಹಾಳೆ ಕೊಟ್ಟು, "ಅವಳಿಗೆ ಏನಾದ್ರೂ ಆದ್ರೆ ಅದರ ಭಾರ ನನ್ನ ಮೇಲಿದೆ ಅಂತ ಬರೆದು ಸೈನ್ ಮಾಡಿ ಹೋಗಿ" ಎಂದರು. ಬರೆದೆ. ಜೀವನದಲ್ಲಿ ಅಷ್ಟು ಕಷ್ಟಪಟ್ಟು ಇನ್ನೊಂದು ಸಾಲು ಬರೆದಿಲ್ಲ.

ಐದು ವಾರ ಕಳೆಯಿತು. ನಾನು ಆ ಕೇಸಿನ ಬಗ್ಗೆ ಒಂದಕ್ಷರ ಬರೆಯಲಿಲ್ಲ. ದುಡ್ಡು ಮುಟ್ಟಿದೆ ಎಂದು ಹೋಟೆಲಿನಲ್ಲಿ ಮಾತು ಹುಟ್ಟಿತು. ಜಾಗ ಬಿಡುತ್ತಿದ್ದವರೇ ಈಗ ಬೆನ್ನು ತಿರುಗಿಸುತ್ತಿದ್ದರು. ಆರನೇ ವಾರ ಆಕೆ ಅಳಿಯನ ಜೊತೆ ತಾನಾಗಿಯೇ ತುರುವೇಕೆರೆಗೆ ಬಂದು ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಟ್ಟಳು. ಮನಸ್ಸು ಹೇಗೆ ಬದಲಾಯಿತು ಎಂದು ನನಗೆ ತಿಳಿಯದು. ನಾನು ಕಾರಣ ಅಲ್ಲ ಎಂಬುದು ಮಾತ್ರ ತಿಳಿದಿದೆ. ಮೇಸ್ತ್ರಿ, ಆಳು, ಜಮೀನ್ದಾರರು, ಮೂವರನ್ನೂ ಹಿಡಿದರು.

ವಿಚಾರಣೆ ತುಮಕೂರಿನಲ್ಲಿ ನಡೆಯಿತು. ನನಗೂ ಸಮನ್ಸ್ ಬಂತು. ಕರೆಸಿದ್ದು ಸರ್ಕಾರದ ವಕೀಲರಲ್ಲ, ಜಮೀನ್ದಾರರ ವಕೀಲರು. ಕಟಕಟೆ ಹತ್ತಿದಾಗ ಅವರ ಕೈಯಲ್ಲಿ ನನ್ನ ಪತ್ರಿಕೆ ಇತ್ತು. ನಾನು ಬರೆದದ್ದನ್ನು ಅವರು ಗಟ್ಟಿಯಾಗಿ, ಸೊಗಸಾಗಿ ಓದಿದರು. ನನ್ನ ಬರಹವನ್ನು ಅಷ್ಟು ಚೆನ್ನಾಗಿ ಯಾರೂ ಓದಿರಲಿಲ್ಲ.

"ಇದು ಅಚ್ಚಾಗಿ ಐದು ವಾರದ ಮೇಲೆ ಸಾಕ್ಷಿ ಹೇಳಿಕೆ ಕೊಟ್ಟಿದ್ದಾರೆ. ಮೊದಲು ಪತ್ರಿಕೆ, ಆಮೇಲೆ ಸಾಕ್ಷಿ. ಹೌದೇ?"

"ಹೌದು."

"ಬರೆಯುವ ಮುಂಚೆ ನೀವು ಈ ಸಾಕ್ಷಿಯನ್ನು ಮಾತಾಡಿಸಿದ್ದಿರಾ?"

"ಇಲ್ಲ."

"ಮತ್ತೆ ಯಾರು ಹೇಳಿದರು?"

ಸತ್ತವನ ಹೆಂಡತಿ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಹೇಳಿದರೆ ಅವಳೇ ಈ ಕಥೆ ಕಟ್ಟಿ ಹಬ್ಬಿಸಿದಳು ಎಂದಾಗುತ್ತದೆ. ಉತ್ತರ ಹೇಳಬೇಕು ಎಂದು ಜಡ್ಜ್ ಎಚ್ಚರಿಸಿದರು. ಅವಳು ನನ್ನ ಕಡೆ ನೋಡಿ ಹೇಳು ಎಂಬಂತೆ ಸಣ್ಣಗೆ ತಲೆಯಾಡಿಸಿದಳು. ಹೇಳಿದೆ.

ವಕೀಲರು ಪತ್ರಿಕೆಯನ್ನು ಮಡಿಸಿದರು. "ಬಿಳಿ ಪಂಚೆ ಉಟ್ಟಿದ್ದರು ಎಂದು ಬರೆದಿದ್ದೀರಿ. ಸಾಕ್ಷಿ ಪಟ್ಟೆ ಲುಂಗಿ ಎಂದಿದ್ದಾರೆ. ಬಿಳಿ ಪಂಚೆ ಎಂದು ನಿಮಗೆ ಹೇಳಿದ್ದು ಯಾರು?"

ನಾನು ಕುರಿ ಕಾಯುವ ಹೆಂಗಸಿನ ಕಡೆ ನೋಡಿದೆ. ಆಕೆ ಮಗ್ಗುಲಲ್ಲಿ ಗೋಡೆಗೆ ಒರಗಿ ನಿಂತಿದ್ದಳು. ಯಾರೋ ಹೇಳಿದರು ಎಂದರೆ ನನ್ನ ಮಾನ ಉಳಿಯುತ್ತದೆ, ಆಕೆ ಹೇಳಿದ ಪಟ್ಟೆ ಲುಂಗಿಯ ಮಾತು ಮುರಿಯುತ್ತದೆ.

"ಯಾರೂ ಹೇಳಲಿಲ್ಲ. ಅದನ್ನು ನಾನೇ ಸೇರಿಸಿದೆ."

"ಕಲ್ಪಿಸಿ?"

"ಹೌದು."

ಕೋರ್ಟಿನಲ್ಲಿ ಯಾರೋ ನಕ್ಕರು. "ಹಾಗಾದರೆ ಇದರಲ್ಲಿ ಇನ್ನೂ ಏನೇನು ಕಲ್ಪನೆಯೋ, ದೇವರಿಗೇ ಗೊತ್ತು," ಎಂದು ಹೇಳಿ ವಕೀಲರು ಕೂತರು.

ಮೇಸ್ತ್ರಿಗೂ ಆಳಿಗೂ ಶಿಕ್ಷೆಯಾಯಿತು. ಡಾಕ್ಟರ ವರದಿ ಇತ್ತು, ರಕ್ತದ ಕಲೆಯಿದ್ದ ದೊಣ್ಣೆ ಸಿಕ್ಕಿತ್ತು. ಜಮೀನ್ದಾರರು ಅಲ್ಲಿದ್ದರು ಎಂಬುದಕ್ಕೆ ಆ ಹೆಂಗಸಿನ ಮಾತೊಂದೇ. ಆಕೆಯ ಮಾತಿನಲ್ಲಿ ಪತ್ರಿಕೆಯ ನೆರಳು ಬಿದ್ದಿಲ್ಲವೆಂದು ಖಚಿತವಾಗಿ ಹೇಳಲು ಬರುವುದಿಲ್ಲ, ಆ ಸಂಶಯದ ಲಾಭ ಆರೋಪಿಗೆ ಸಲ್ಲಬೇಕು ಎಂದು ತೀರ್ಪಾಯಿತು. ಜಮೀನ್ದಾರರು ಹಾರ ಹಾಕಿಸಿಕೊಂಡು ಊರಿಗೆ ಬಂದರು.

ತೀರ್ಪಿನಲ್ಲಿ ನನ್ನ ಬಗ್ಗೆ ಒಂದು ಪ್ಯಾರಾ ಇತ್ತು. ಪೊಲೀಸರ ನಿರ್ಲಕ್ಷ್ಯವನ್ನು ಬಯಲು ಮಾಡುವುದು ಪತ್ರಿಕೆಯ ಹಕ್ಕು, ಸಾಕ್ಷಿಯ ಬಾಯಿಗೆ ಮಾತು ತುರುಕುವುದು ಹಕ್ಕಲ್ಲ ಎಂಬ ಅರ್ಥದ್ದು. ಅದನ್ನು ಮುಂದಿನ ಸಂಚಿಕೆಯ ಮೊದಲ ಪುಟದಲ್ಲಿ ಹಾಕಬೇಕು ಎಂದು ಯಜಮಾನರಿಗೆ ಕೊಟ್ಟೆ. ಅವರು ಎರಡು ಸಲ ಓದಿದರು.

"ಪೂರ್ತಿ ಹಾಕಲಾ?"

"ಪೂರ್ತಿ ಹಾಕಿ."

"ಸರಿ," ಎಂದು ಮೊಳೆ ಜೋಡಿಸಲು ಕೂತರು. ನಾನು ಹೇಳಿದ್ನಲ್ಲ ಎಂಬ ಮಾತು ಅವರ ಬಾಯಿಂದ ಅಂದೂ ಬರಲಿಲ್ಲ, ಅವರು ಸಾಯುವವರೆಗೂ ಬರಲಿಲ್ಲ.

ಪತ್ರಿಕೆ ಇನ್ನೂ ಆರು ವರ್ಷ ನಡೆಯಿತು. ಪೊಲೀಸರನ್ನು ಪ್ರಶ್ನಿಸುವುದನ್ನು ನಾನು ಬಿಡಲಿಲ್ಲ. ಆದರೆ ತನಿಖೆಯ ಸುದ್ದಿ ಬಂದಾಗಲೆಲ್ಲ ಕೈ ತಡೆಯುತ್ತಿತ್ತು. ಒಂದೆರಡು ಸಲ ತಡೆಯಬಾರದಿದ್ದ ಕಡೆಯೂ ತಡೆಯಿತು. ಬರೆಯಬೇಕಾದದ್ದನ್ನು ಬರೆಯದೆ ಉಳಿದೆ. ಎಲ್ಲಿ ನಿಲ್ಲಬೇಕು ಎಂದು ಗೆರೆ ಎಳೆದು ತೋರಿಸಿ ಎಂದರೆ ಈಗಲೂ ತೋರಿಸಲಾರೆ.

ತೀರ್ಪು ಬಂದ ತಿಂಗಳಿಗೆ ಸತ್ತವನ ಹೆಂಡತಿ ಪ್ರೆಸ್ಸಿಗೆ ಬಂದಳು. ಇನ್ನೆಂದೂ ಬರುವುದಿಲ್ಲ ಎಂದುಕೊಂಡಿದ್ದೆ. ಜಮೀನ್ದಾರರನ್ನು ಬಿಟ್ಟದ್ದರ ಮೇಲೆ ಸರ್ಕಾರ ಹೈಕೋರ್ಟಿಗೆ ಹೋಗಬೇಕು ಎಂದು ಅರ್ಜಿ ಬರೆದುಕೊಡಲು ಕೇಳಿದಳು.

"ಬೇರೆ ಯಾರ ಕೈಲಾದ್ರೂ ಬರೆಸಮ್ಮ," ಎಂದೆ.

"ಬ್ಯಾಡ. ಮೊದ್ಲ್ನೇದು ನೀನ್ ಬರೀದೇ ಇದ್ದಿದ್ರೆ ನನ್ ಗಂಡ ಕರೆಂಟ್ ಹೊಡ್ದೇ ಸತ್ತ ಅಂತಿದ್ರು. ಬರಿ. ನಾ ಯೋಳ್ದಷ್ಟ್ ಬರಿ."

ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆದೆ. ಪ್ರತಿ ಸಾಲನ್ನೂ ಓದಿ ಹೇಳಿದೆ. ಅವಳು ಹೂಂ ಎಂದ ಮೇಲೆ ಮುಂದಿನದು. ಒಂದು ಕಡೆ 'ನಿರ್ದಯವಾಗಿ ಬಡಿದು' ಎಂದು ಬರೆದಿದ್ದೆ. ಅವಳು ತಡೆದಳು.

"ಅದ್ಯಾಕೆ? ಬಡುದ್ರು ಅಂತ ಬರಿ ಸಾಕು."

ಆ ಪದವನ್ನು ಹೊಡೆದು ಹಾಕಿದೆ. ಅವಳು ಹೆಬ್ಬೆಟ್ಟು ಒತ್ತಿದಳು, ಅರ್ಜಿಯನ್ನು ಮಡಿಸಿ ಸೆರಗಿನ ಗಂಟಿನಲ್ಲಿಟ್ಟುಕೊಂಡು ನಾಲ್ಕು ಗಂಟೆಯ ಬಸ್ಸಿಗೆ ಹೋದಳು. ಸರ್ಕಾರ ಹೈಕೋರ್ಟಿಗೆ ಹೋಗಲಿಲ್ಲ. ಅರ್ಜಿಗೆ ಉತ್ತರವೂ ಬರಲಿಲ್ಲ.